ಕಾಲೂರದ ಆಟ: ವಾಟರ್ ಪೋಲೋ ತಂಡವೊಂದು ಸಿದ್ಧವಾಗುವ ಬಗೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಮನೆಗೆ ಬಂದು ಕೇಳಿದಾಗ, ಗಡಿನಾಡಿನ ಕನ್ನಡ ಶಿಕ್ಷಣದ ಸ್ಥಿತಿಗತಿಗಳನ್ನು ಕುರಿತು ನಾನು ಬರೆಯುವೆನೆಂದೇ ಅವರು ಭಾವಿಸಿದ್ದರು. ಆ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ನಮ್ಮಲ್ಲಿ ಹಲವರಿದ್ದಾರೆ. ನಾನು ಆರಿಸಿಕೊಂಡಿರುವುದು ವಾಟರ್ ಪೋಲೋ ಎಂಬ ನೀರಿನ ಚೆಂಡಾಟವನ್ನು. ಅದರಲ್ಲಿಯೂ ಒಂದು ದೇಶದ ತಂಡವನ್ನು ದೊಡ್ಡ ಅಂತರರಾಷ್ಟ್ರೀಯ ಸ್ಪರ್ಧೆಗೆ ಸಿದ್ಧಗೊಳಿಸುವ ಕೆಲಸ ಎಂಥದು ಎಂಬುದನ್ನು. ಹೊಸೂರಿನ ಸುತ್ತಿನಲ್ಲಿಯೇ ಹುಟ್ಟಿ ಬೆಳೆದು, ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ, ಜೀವಮಾನವೆಲ್ಲ ಸೀಮೆಸುಣ್ಣ ಹಿಡಿದ, ಸ್ವತಃ ಈಜು ಬಾರದ ಎಪ್ಪತ್ತು ದಾಟಿದ ಮನುಷ್ಯನಿಗೆ ಈ ವಿಷಯವೇಕೆ ಎಂದು ವಾಚಕರು ನಗಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

1990ರ ದಶಕದ ಒಂದು ಬೇಸಿಗೆ. ನಾನು ಮುಖ್ಯೋಪಾಧ್ಯಾಯನಾಗಿ ಹೆಚ್ಚು ಕಾಲವಾಗಿರಲಿಲ್ಲ. ಎಂಟನೆಯ ತರಗತಿಯ ಹುಡುಗನೊಬ್ಬನು ಎಮ್ಮೆಯ ಮೈ ತೊಳೆಯಲೆಂದು ಊರ ಕೆರೆಗೆ ಇಳಿದವನು, ಇಟ್ಟಿಗೆ ಗೂಡಿಗೆಂದು ಮಣ್ಣು ತೆಗೆದಿದ್ದ ಗುಂಡಿಯೊಂದರಲ್ಲಿ ಕಾಲಿಗೆ ನೆಲ ಸಿಕ್ಕದೆ ಮುಳುಗಿಹೋದನು. ದಡದಲ್ಲಿದ್ದ ಇಬ್ಬರು ಗೆಳೆಯರಿಗೂ ಈಜು ಬಾರದು. ಎಮ್ಮೆ ಮಾತ್ರ ತಾನಾಗಿಯೇ ಈಜಿ ಆಚೆ ದಡ ಸೇರಿತ್ತು. ಅವನ ತಂದೆಯ ಎದುರು ನಿಂತು ಆಡಬಹುದಾದ ಮಾತೊಂದೂ ನನಗೆ ತೋಚಲಿಲ್ಲ. ಮೂರನೆಯ ದಿನ ಪ್ರಾರ್ಥನೆಯ ವೇಳೆಗೆ ಸುತ್ತೋಲೆಯೊಂದನ್ನು ಓದಿದೆನು: ವಿದ್ಯಾರ್ಥಿಗಳು ಯಾರೂ ಕೆರೆ, ಬಾವಿ, ಹೊಳೆಗಳಿಗೆ ಇಳಿಯಕೂಡದು, ಇಳಿದವರ ಪೋಷಕರನ್ನು ಕರೆಸಲಾಗುವುದು. ಊರಿನ ಹಿರಿಯರು ಒಳ್ಳೆಯ ಕೆಲಸ ಮಾಡಿದಿರೆಂದು ಮೆಚ್ಚಿಕೊಂಡರು. ನಾನೂ ಹಾಗೆಯೇ ನಂಬಿದ್ದೆನು.

ಆ ಆಜ್ಞೆಯನ್ನು ಮೀರಿದ ಒಬ್ಬನಿದ್ದನು. ತಳಿ ರಸ್ತೆಯ ಕಡೆಯ ರೈತಾಪಿ ಮನೆಯ ಹುಡುಗ. ತಾತನು ಬೆನ್ನಿಗೆ ಸೋರೆಬುರುಡೆ ಕಟ್ಟಿ ತೋಟದ ಬಾವಿಗೆ ಇಳಿಬಿಟ್ಟು ಅವನಿಗೆ ಈಜು ಕಲಿಸುತ್ತಿದ್ದನು. ಸುದ್ದಿ ನನ್ನವರೆಗೂ ಬಂದಿತು. ಹುಡುಗನನ್ನು ಒಂದು ಪೀರಿಯಡ್ ಬಿಸಿಲಿನಲ್ಲಿ ನಿಲ್ಲಿಸಿದೆನು. ಅವನು ಮುಂದೆ ಸೈನ್ಯಕ್ಕೆ ಸೇರಿದನು; ಅಲ್ಲಿ ಅವನ ಈಜನ್ನು ಕಂಡು ವಾಟರ್ ಪೋಲೋ ತಂಡಕ್ಕೆ ತೆಗೆದುಕೊಂಡರು; ಒಂದು ವರ್ಷ ಏಷ್ಯಾ ಮಟ್ಟದ ಸ್ಪರ್ಧೆಗೆ ಮುಂಚೆ ನಡೆದ ರಾಷ್ಟ್ರೀಯ ಶಿಬಿರಕ್ಕೂ ಕರೆ ಬಂದಿತು. ಕೊನೆಯ ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ. ಅನೇಕ ವರ್ಷಗಳ ಮೇಲೆ ರಜೆಯಲ್ಲಿ ಊರಿಗೆ ಬಂದಾಗ ನನ್ನ ಮನೆಗೆ ಬಂದು ಕಾಲಿಗೆರಗಿ, ಜಗಲಿಯ ಮೇಲೆ ಕುಳಿತು, "ಮೇಷ್ಟ್ರೇ, ಅವತ್ತು ನನ್ನನ್ನ ಬಿಸಿಲಲ್ಲಿ ನಿಲ್ಲಿಸಿದ್ರಲ್ಲ, ಗ್ಯಾಪಕ ಐತಾ?" ಎಂದು ಕೇಳಿದನು. "ಐತಪ್ಪ, ಮರೆಯೋದು ಹೆಂಗೆ" ಎಂದೆನು. ಅವನು ನಕ್ಕುಬಿಟ್ಟನು. ಅಂದು ಸಂಜೆ ಮತ್ತು ಮರುದಿನ ಸಂಜೆ ಅವನಿಂದ ಕೇಳಿ ನೋಟ್ ಪುಸ್ತಕದಲ್ಲಿ ಬರೆದುಕೊಂಡ ಸಂಗತಿಗಳೂ, ಅನಂತರ ಓದಿ ತಿಳಿದವೂ ಸೇರಿ ಈ ಪಾಠವಾಗಿದೆ.

ಮೊದಲು ಆಟದ ಸ್ವರೂಪವನ್ನು ತಿಳಿಯಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಆಟವಿದು. ಪುರುಷರ ವಾಟರ್ ಪೋಲೋ 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿಯೇ ಇತ್ತು. ಮಹಿಳೆಯರಿಗೆ ಆ ಬಾಗಿಲು ತೆರೆಯಲು ನೂರು ವರ್ಷ ಹಿಡಿದು, 2000ದ ಸಿಡ್ನಿಯಲ್ಲಿ ಅವಕಾಶವಾಯಿತು. ಒಂದೊಂದು ಪಕ್ಷದಲ್ಲಿ ಏಳು ಮಂದಿ ನೀರಿನಲ್ಲಿರುತ್ತಾರೆ: ಒಬ್ಬ ಗೋಲಿ, ಆರು ಆಟಗಾರರು. ಎಂಟೆಂಟು ನಿಮಿಷಗಳ ನಾಲ್ಕು ಸರದಿ. ಮೂರು ಮೀಟರ್ ಅಗಲದ, ನೀರಿನಿಂದ ಒಂದು ಮೊಳಕ್ಕೆರಡರಷ್ಟು, ಅಂದರೆ 90 ಸೆಂಟಿಮೀಟರ್ ಮೇಲೆದ್ದ ಗೋಲಿನೊಳಕ್ಕೆ ಚೆಂಡನ್ನು ಎಸೆಯಬೇಕು. ಗೋಲಿಯ ಹೊರತು ಮಿಕ್ಕವರು ಒಂದೇ ಕೈಯಿಂದ ಚೆಂಡನ್ನು ಹಿಡಿಯಬೇಕು, ಒಂದೇ ಕೈಯಿಂದ ಎಸೆಯಬೇಕು. ಚೆಂಡು ಕೈಗೆ ಬಂದ ಮೇಲೆ ಗೋಲಿಗೆ ಹೊಡೆಯಲು ಬಹುಕಾಲ 30 ಸೆಕೆಂಡುಗಳ ಗಡುವಿತ್ತು. ಆಟ ಚುರುಕಾಗಲೆಂದು ಅದನ್ನೂ ತಗ್ಗಿಸುವ ನಿಯಮಗಳು ಬಂದಿವೆ. ಇಷ್ಟೆಲ್ಲಕ್ಕೂ ಮೇಲಿನ ನಿಯಮ ಒಂದು: ಕಾಲು ತಳಕ್ಕೆ ಊರಕೂಡದು. ಅದಕ್ಕಾಗಿಯೇ ಕೊಳದ ಆಳ ಎರಡು ಮೀಟರಿನ ಸುಮಾರಿಗೆ ಇರಬೇಕು.

ಹಾಗಾದರೆ ಅವರು ನೀರಿನಲ್ಲಿ ನಿಲ್ಲುವುದು ಹೇಗೆ? ಈ ಪ್ರಶ್ನೆಯನ್ನು ನಾನೂ ಕೇಳಿದೆನು. ಸೈನಿಕನು ಒಳಗೆ ರಾಗಿ ಬೀಸುವ ಕಲ್ಲು ಉಂಟೇ ಎಂದು ಕೇಳಿ, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಲ್ಲನ್ನು ತೋರಿಸಿ ವಿವರಿಸಿದನು. ಕುರ್ಚಿಯಲ್ಲಿ ಕುಳಿತಂತೆ ತೊಡೆಗಳನ್ನು ಎತ್ತಿ, ಮೊಣಕಾಲುಗಳನ್ನು ಅಗಲಿಸಿ, ಒಂದೊಂದು ಕಾಲೂ ಬೀಸುವ ಕಲ್ಲಿನ ಗೂಟದಂತೆ ಸುತ್ತಬೇಕು. ಎಡಗಾಲು ಒಂದು ದಿಕ್ಕಿಗೆ, ಬಲಗಾಲು ಅದಕ್ಕೆ ಎದುರು ದಿಕ್ಕಿಗೆ. ಎರಡೂ ಒಟ್ಟಿಗೆ ಅಲ್ಲ, ಒಂದಾದ ಮೇಲೊಂದು. ಒಂದು ಕಾಲು ನೀರನ್ನು ಒತ್ತುತ್ತಿರುವಾಗ ಇನ್ನೊಂದು ಮುಂದಿನ ಒತ್ತಿಗೆ ಸಿದ್ಧವಾಗುತ್ತಿರುತ್ತದೆ. ಆದಕಾರಣ ದೇಹವು ಮೇಲೆ ಕೆಳಗೆ ಕುಲುಕದೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಎರಡು ಕೈಗಳೂ ಬಿಡುವಾಗುತ್ತವೆ. ಬಾವಿಯ ಹುಡುಗರು ಕೈಕಾಲು ಬಡಿದು ತೇಲುವುದಕ್ಕೂ ಇದಕ್ಕೂ ಇರುವ ಅಂತರ ಅಜಗಜಾಂತರ. ಚೆಂಡನ್ನು ಬಲವಾಗಿ ಎಸೆಯುವ ಶಕ್ತಿಯೂ ತೋಳಿನದಲ್ಲ, ಈ ಕಾಲಿನದು. ನೆಲದ ಮೇಲೆ ಕಲ್ಲೆಸೆಯುವವನಿಗೆ ಕಾಲೂರಲು ಭೂಮಿಯಿದೆ. ಇಲ್ಲಿ ಊರುಗೋಲನ್ನು ತನ್ನ ಕಾಲಿನಿಂದಲೇ ನೀರಿನಲ್ಲಿ ಸೃಷ್ಟಿಸಿಕೊಳ್ಳಬೇಕು.

ಆದಕಾರಣ ರಾಷ್ಟ್ರೀಯ ಶಿಬಿರದಲ್ಲಿ ತರಬೇತುದಾರನು ಮೊದಲು ಹಿಡಿಯುವುದು ಚೆಂಡನ್ನಲ್ಲ, ಕಾಲನ್ನು. ಎರಡು ಕೈಗಳನ್ನೂ ತಲೆಯ ಮೇಲೆತ್ತಿ ಬರೀ ಕಾಲಿನಿಂದ ನಿಲ್ಲಿಸುವುದು, ಆಮೇಲೆ ಕೈಯಲ್ಲಿ ಭಾರ ಕೊಟ್ಟು ನಿಲ್ಲಿಸುವುದು, ಆ ಭಾರದೊಡನೆಯೇ ಕೊಳದ ಉದ್ದಕ್ಕೂ ಸಾಗಿಸುವುದು. ಬೆಳಗಿನ ಜಾವ ಒಂದು ಸರದಿ, ಸಂಜೆ ಒಂದು ಸರದಿ. ಜೊತೆಗೆ ತಲೆಯನ್ನು ನೀರಿನಿಂದ ಮೇಲೆತ್ತಿಯೇ ವೇಗವಾಗಿ ಈಜುವ ಅಭ್ಯಾಸ. ಓಟದ ಈಜುಗಾರನು ಮುಖವನ್ನು ನೀರಿನಲ್ಲಿಟ್ಟು ತನ್ನ ಪಾಡಿಗೆ ತಾನು ಹೋಗಬಹುದು. ವಾಟರ್ ಪೋಲೋದವನು ಚೆಂಡು ಎಲ್ಲಿದೆ, ಎದುರಾಳಿ ಎಲ್ಲಿದ್ದಾನೆ ಎಂಬುದನ್ನು ಕಾಣುತ್ತಲೇ ಈಜಬೇಕು. ತಿಂಗಳಾನುಗಟ್ಟಲೆ ಇದೇ ಕೆಲಸ. "ಮೊದಲ ಹದಿನೈದು ದಿನ ಚೆಂಡನ್ನ ಕಣ್ಣಿಂದ ನೋಡಿದ್ದಷ್ಟೇ ಮೇಷ್ಟ್ರೇ" ಎಂದನು ನಮ್ಮವನು. ಮೂರನೆಯ ತರಗತಿಯ ಮಕ್ಕಳಿಗೆ ಮಗ್ಗಿ ಬಾಯಿಪಾಠವಾಗುವ ತನಕ ಲೆಕ್ಕ ಕೊಡದ ನಮ್ಮ ಹಳೆಯ ಪದ್ಧತಿ ನನಗೆ ನೆನಪಾಯಿತು. ಈಗಿನವರು ಆ ಪದ್ಧತಿಯನ್ನು ಹಳಿಯುತ್ತಾರೆ, ಇರಲಿ.

ಎರಡನೆಯ ಹಂತದಲ್ಲಿ ಚೆಂಡು ಬರುತ್ತದೆ. ಮೂವರನ್ನು ತ್ರಿಕೋನವಾಗಿ ನಿಲ್ಲಿಸಿ, ಚೆಂಡು ನೀರಿಗೆ ತಾಗದಂತೆ ಕೈಯಿಂದ ಕೈಗೆ ದಾಟಿಸುವುದು. ಮೂರನೆಯ ಹಂತ ವ್ಯೂಹ. ಎದುರು ಗೋಲಿನ ಮುಂದೆ ಬೆನ್ನು ಕೊಟ್ಟು ನಿಲ್ಲುವ ನಡುವಿನ ದಾಳಿಗಾರನು ತಂಡದ ಕಂಬವಿದ್ದಂತೆ. ಅವನನ್ನು ಹಿಂದಿನಿಂದ ತಡೆಯುವ ಎದುರಾಳಿಗೂ ಅವನಿಗೂ ಆಟವುದ್ದಕ್ಕೂ ಮಲ್ಲಯುದ್ಧ. ನೀರಿನ ಕೆಳಗೆ ಏನೇನು ನಡೆಯುತ್ತದೆಂಬುದು ಅಂಪೈರಿಗೂ ಪೂರ್ತಿ ಕಾಣದು. ತಪ್ಪು ದೊಡ್ಡದಾದರೆ ಆಟಗಾರನನ್ನು ಇಪ್ಪತ್ತು ಸೆಕೆಂಡುಗಳಷ್ಟು ಹೊತ್ತು ಹೊರಗೆ ಕಳುಹಿಸುತ್ತಾರೆ. ಅಂಥ ಮೂರು ತಪ್ಪುಗಳಾದರೆ ಆ ಪಂದ್ಯದಿಂದಲೇ ಹೊರಗೆ. ಒಬ್ಬನು ಹೊರಗಿರುವ ಆ ಅಲ್ಪಕಾಲದಲ್ಲಿ ಆರು ಮಂದಿ ಐವರ ಮೇಲೆ ಬೀಳುತ್ತಾರೆ. ಸಾಮಾನ್ಯವಾಗಿ ಇಬ್ಬರು ಗೋಲಿನ ಎರಡು ಕಂಬಗಳ ಬಳಿ, ನಾಲ್ವರು ಹೊರಗೆ ಬಿಲ್ಲಿನಾಕಾರದಲ್ಲಿ ನಿಂತು, ಐವರು ಯಾರನ್ನು ಬಿಟ್ಟರೋ ಅವನ ಕೈಗೆ ಚೆಂಡು ಸೇರುವಂತೆ ನೋಡುತ್ತಾರೆ. ಬಿಗಿಯಾದ ಪಂದ್ಯಗಳ ಜಯಾಪಜಯ ಬಹುಮಟ್ಟಿಗೆ ಈ ಗಳಿಗೆಗಳಲ್ಲಿಯೇ ನಿರ್ಣಯವಾಗುವುದರಿಂದ, ತರಬೇತುದಾರನು ಇದೊಂದನ್ನೇ ದಿನಗಟ್ಟಲೆ ತಿದ್ದಿಸುತ್ತಾನೆ.

ಕೊನೆಯ ಹಂತವು ನಮ್ಮ ಪೋಷಕರಿಗೆ ವಿಚಿತ್ರವೆನಿಸಬಹುದು. ಸ್ಪರ್ಧೆ ಹತ್ತಿರವಾದಂತೆ ಶ್ರಮವನ್ನು ಹೆಚ್ಚಿಸುವುದಿಲ್ಲ, ಇಳಿಸುತ್ತಾರೆ. ವೇಗವನ್ನು ಉಳಿಸಿಕೊಂಡು ಈಜುವ ದೂರವನ್ನು ಕಡಿಮೆ ಮಾಡುತ್ತ ಬರುತ್ತಾರೆ. ತಿಂಗಳುಗಳ ದುಡಿಮೆಯಿಂದ ದಣಿದ ಸ್ನಾಯು ಆ ವಿರಾಮದಲ್ಲಿ ತುಂಬಿಕೊಂಡು, ಸ್ಪರ್ಧೆಯ ದಿನ ಪೂರ್ಣಬಲವನ್ನು ಕೊಡುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳನ್ನು ಎರಡು ಗಂಟೆಯವರೆಗೆ ಎಬ್ಬಿಸಿ ಕೂಡಿಸುವ ತಂದೆತಾಯಿಗಳು ಈ ಸಾಲನ್ನು ಇನ್ನೊಮ್ಮೆ ಓದಬೇಕಾಗಿ ವಿನಂತಿ.

ಈ ವಿದ್ಯೆಯಲ್ಲಿ ಜಗತ್ತಿಗೇ ಹಿರಿಯಣ್ಣನಾದುದು ಸಮುದ್ರವೇ ಇಲ್ಲದ ಒಂದು ಚಿಕ್ಕ ದೇಶ, ಹಂಗೇರಿ. ಪುರುಷರ ವಾಟರ್ ಪೋಲೋದಲ್ಲಿ 1932, 1936, 1952, 1956, 1964, 1976, 2000, 2004 ಮತ್ತು 2008ರಲ್ಲಿ, ಹೀಗೆ ಒಂಬತ್ತು ಬಾರಿ ಒಲಿಂಪಿಕ್ ಚಿನ್ನವನ್ನು ಗೆದ್ದ ದೇಶವದು. ಸಮುದ್ರವಿಲ್ಲದಿದ್ದರೂ ಬುಡಾಪೆಸ್ಟ್ ನಗರದಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಕೊಳಕ್ಕಿಳಿಯುವುದು ಅಲ್ಲಿಯವರಿಗೆ ದಿನನಿತ್ಯದ ರೂಢಿ. ಆ ರೂಢಿಯನ್ನು ಆಟವಾಗಿ ಕಡೆದವನು ಬೇಲಾ ಕೋಮ್ಯಾದಿ ಎಂಬ ಗುರು. ಚೆಂಡನ್ನು ಗಾಳಿಯಲ್ಲಿಯೇ ಹಿಡಿದು ಗಾಳಿಯಲ್ಲಿಯೇ ದಾಟಿಸುವ ಚುರುಕು ಪದ್ಧತಿಯನ್ನು ಹುಡುಗರಿಗೆ ರೂಢಿಸಿದವನು ಅವನೇ. ಶಿಷ್ಯರು ಅವನನ್ನು ಸಲಿಗೆಯಿಂದ 'ಕೋಮಿ ಮಾಮ' ಎಂದೇ ಕರೆಯುತ್ತಿದ್ದರು. 1932ರ ಲಾಸ್ ಏಂಜಲೀಸ್‌ನಲ್ಲಿ ದೇಶಕ್ಕೆ ಮೊದಲ ಚಿನ್ನ ಬಂದಿತು. ಮರುವರ್ಷವೇ ಅವನು ತೀರಿಕೊಂಡನು. ಬುಡಾಪೆಸ್ಟಿನ ಈಜುಕೊಳವೊಂದಕ್ಕೆ ಅವನ ಹೆಸರಿದೆ. ಆ ಚಿನ್ನದ ತಂಡದಲ್ಲಿ ಓಲಿವರ್ ಹಲಾಶಿ ಎಂಬವನಿದ್ದನು. ಬಾಲ್ಯದಲ್ಲಿ ಟ್ರಾಮ್ ಅಪಘಾತಕ್ಕೆ ಸಿಕ್ಕಿ ಅವನ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಕಾಲೇ ಪ್ರಾಣವಾದ ಆಟವಿದು ಎಂದು ಮೇಲೆ ಬರೆದಿದ್ದೇನೆ. ಒಂದೂವರೆ ಕಾಲಿನ ಆತನು 1928ರಲ್ಲಿ ಬೆಳ್ಳಿಯನ್ನೂ, 1932 ಮತ್ತು 1936ರಲ್ಲಿ ಚಿನ್ನವನ್ನೂ ಗೆದ್ದನು. ಅಂಥವನನ್ನು ತಂಡಕ್ಕೆ ಸೇರಿಸಿಕೊಂಡ ಗುರುವಿನ ಧೈರ್ಯವನ್ನು ನಾನು ಅವನ ಧೈರ್ಯದಷ್ಟೇ ಮೆಚ್ಚುತ್ತೇನೆ.

ತರಬೇತುದಾರನ ಪ್ರಭಾವ ಎಷ್ಟಿರಬಲ್ಲದು ಎಂಬುದಕ್ಕೆ ರಾತ್ಕೋ ರೂದಿಚ್ ಎಂಬವರ ನಿದರ್ಶನ ಸಾಕು. 1984 ಮತ್ತು 1988ರಲ್ಲಿ ಯುಗೋಸ್ಲಾವಿಯ, 1992ರಲ್ಲಿ ಇಟಲಿ, 2012ರಲ್ಲಿ ಕ್ರೊಯೇಷಿಯ, ಹೀಗೆ ಮೂರು ದೇಶಗಳಿಗೆ ನಾಲ್ಕು ಒಲಿಂಪಿಕ್ ಚಿನ್ನ ಅವರ ತರಬೇತಿಯಲ್ಲಿ ದೊರೆತವು. ಆಟಗಾರರು ಬೇರೆ, ಭಾಷೆ ಬೇರೆ, ಧ್ವಜ ಬೇರೆ, ಗುರು ಒಬ್ಬರೇ.

ನಮ್ಮ ದೇಶದ ಕಥೆ ಏನು? ತೀರ ಬರಿದಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಲಂಡನ್ ಒಲಿಂಪಿಕ್ಸ್‌ಗೆ ಭಾರತದ ವಾಟರ್ ಪೋಲೋ ತಂಡ ಹೋಗಿತ್ತು; ಚಿಲಿ ದೇಶವನ್ನು 7–4ರಿಂದ ಸೋಲಿಸಿತು. ಅದರಲ್ಲಿ ನಾಲ್ಕು ಗೋಲುಗಳು ಸಚಿನ್ ನಾಗ್ ಎಂಬೊಬ್ಬರವು. ಹಿಂದಿನ ವರ್ಷದ ಗಲಭೆಯ ದಿನಗಳಲ್ಲಿ ಅವರ ಕಾಲಿಗೆ ಗುಂಡು ತಗುಲಿ, ಚೇತರಿಸಿಕೊಳ್ಳಲು ಎರಡು ವರ್ಷವಾದರೂ ಬೇಕೆಂದು ವೈದ್ಯರು ಹೇಳಿದ್ದರು. 1951ರ ಮಾರ್ಚಿಯಲ್ಲಿ ದೆಹಲಿಯಲ್ಲಿ ನಡೆದ ಮೊಟ್ಟಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಅದೇ ಸಚಿನ್ ನಾಗ್ 100 ಮೀಟರ್ ಈಜಿನ ಚಿನ್ನವನ್ನು ಗೆದ್ದರು. ಏಷ್ಯನ್ ಕೂಟಗಳಲ್ಲಿ ಭಾರತಕ್ಕೆ ದೊರೆತ ಮೊದಲ ಚಿನ್ನವೇ ಅದು. ಅವರಿದ್ದ ವಾಟರ್ ಪೋಲೋ ತಂಡವೂ ಸಿಂಗಪುರವನ್ನು ಸೋಲಿಸಿ ಚಿನ್ನ ಪಡೆಯಿತು. ಆಗ ಸ್ಪರ್ಧಿಸಿದ ತಂಡಗಳು ತೀರ ಕಡಿಮೆಯಿದ್ದವೆಂಬುದನ್ನೂ ಮರೆಯಕೂಡದು. ಮುಂದೆ 1970ರ ಬ್ಯಾಂಕಾಕಿನಲ್ಲಿ ಬೆಳ್ಳಿ, 1982ರ ದೆಹಲಿಯಲ್ಲಿ ಕಂಚು. ಒಲಿಂಪಿಕ್ಸ್‌ನಲ್ಲಿ ಮಾತ್ರ 1952ರ ಹೆಲ್ಸಿಂಕಿಯ ಬಳಿಕ ಭಾರತದ ತಂಡ ಕಾಣಿಸಿಕೊಂಡಿಲ್ಲ. ಆಳವಾದ ಕೊಳಗಳು ಕಡಿಮೆ. ಹೊರದೇಶದ ಬಲಿಷ್ಠ ತಂಡಗಳೊಡನೆ ಆಡುವ ಅವಕಾಶ ಇನ್ನೂ ಕಡಿಮೆ. ಸೈನ್ಯ, ರೈಲ್ವೆ, ಪೊಲೀಸ್ ಪಡೆಗಳು ಈ ಆಟವನ್ನು ಉಳಿಸಿಕೊಂಡು ಬಂದಿವೆ. ಶಿಬಿರ ಕೆಲವು ವಾರ ನಡೆದು ಮುಗಿಯುತ್ತದೆ. ಅನಂತರ ಆಟಗಾರರು ತಮ್ಮ ತಮ್ಮ ಡ್ಯೂಟಿಗೆ ಹಿಂದಿರುಗುತ್ತಾರೆ. ಯೂರೋಪಿನ ಹುಡುಗರು ಹತ್ತನೆಯ ವಯಸ್ಸಿನಿಂದಲೇ ಒಟ್ಟಿಗೆ ಆಡಿ ಬೆಳೆದವರು. ಕೆಲವು ವಾರಗಳಲ್ಲಿ ಆ ಅಂತರವನ್ನು ತುಂಬೆಂದರೆ ಯಾವ ತರಬೇತುದಾರ ತಾನೆ ತುಂಬಿಯಾನು?

ಆದರೆ ನಮ್ಮ ಹೊಸೂರಿನಿಂದ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿಯಲ್ಲಿರುವ ಬೆಂಗಳೂರಿನಲ್ಲಿ ನೀರಿನ ವಿದ್ಯೆ ಬೇರೆ ಬಗೆಯಲ್ಲಿ ಬೇರೂರಿದೆ. ಚೆಂಡಾಟದಲ್ಲಲ್ಲ, ಈಜಿನಲ್ಲಿ. ನಿಹಾರ್ ಅಮೀನ್ ಅವರಿಗೆ 2015ರಲ್ಲಿಯೂ, ಎಸ್. ಪ್ರದೀಪ್ ಕುಮಾರ್ ಅವರಿಗೆ 2016ರಲ್ಲಿಯೂ ದ್ರೋಣಾಚಾರ್ಯ ಪ್ರಶಸ್ತಿ ಸಂದಿತು. ಪ್ರದೀಪ್ ಕುಮಾರ್ ಅವರು ಬಸವನಗುಡಿ ಅಕ್ವಾಟಿಕ್ ಸೆಂಟರಿನಲ್ಲಿ ತಿದ್ದಿದ ಸಾಜನ್ ಪ್ರಕಾಶ್ ಕೇರಳದವರು. ಅವರ ತಾಯಿಯೂ ಕ್ರೀಡಾಪಟು, ನಮ್ಮ ತಮಿಳುನಾಡಿನ ನೈವೇಲಿಯಲ್ಲಿ ಉದ್ಯೋಗದಲ್ಲಿದ್ದವರು. 2020ರಲ್ಲಿ ಸಾಜನರ ಕತ್ತಿನ ಡಿಸ್ಕ್ ಜರುಗಿ ತೋಳು ಎತ್ತುವುದೇ ಕಷ್ಟವಾಯಿತು; ಅದರ ಮೇಲೆ ಕೊರೋನಾ ಕಾಲ, ಕೊಳಗಳಿಗೆ ಬೀಗ. ದುಬೈಯಲ್ಲಿ ಗುರುಶಿಷ್ಯರು ಮತ್ತೆ ಸೇರಿ ಮೊದಲಿನಿಂದ ಕಟ್ಟಿದರು. 2021ರ ಜೂನಿನಲ್ಲಿ ರೋಮ್ ನಗರದಲ್ಲಿ 200 ಮೀಟರ್ ಬಟರ್‌ಫ್ಲೈ ಈಜನ್ನು ಸಾಜನ್ 1 ನಿಮಿಷ 56.38 ಸೆಕೆಂಡುಗಳಲ್ಲಿ ಮುಗಿಸಿದರು. ಟೋಕಿಯೋಗೆ ನೇರ ಅರ್ಹತೆಯ ಗೆರೆ 1 ನಿಮಿಷ 56.48. ಸೆಕೆಂಡಿನ ಹತ್ತನೆಯ ಒಂದು ಭಾಗ! ಭಾರತದ ಈಜುಗಾರನೊಬ್ಬನು ಒಲಿಂಪಿಕ್ಸ್‌ಗೆ ಹೀಗೆ ನೇರವಾಗಿ ಅರ್ಹನಾದುದು ಅದೇ ಮೊದಲು. ಅದರ ಬೆನ್ನಲ್ಲೇ ಬೆಂಗಳೂರಿನ ಹುಡುಗ ಶ್ರೀಹರಿ ನಟರಾಜ್ ಕೂಡ 100 ಮೀಟರ್ ಬ್ಯಾಕ್‌ಸ್ಟ್ರೋಕಿನಲ್ಲಿ ಅರ್ಹನಾದನು. 2024ರ ಪ್ಯಾರಿಸ್‌ಗೆ ಹೋದ ಬೆಂಗಳೂರಿನ ಧಿನಿಧಿ ದೇಸಿಂಗು ಎಂಬ ಹೆಣ್ಣುಮಗುವಿಗೆ ಆಗ ಹದಿನಾಲ್ಕು ವರ್ಷ. ನಮ್ಮ ಒಂಬತ್ತನೆಯ ತರಗತಿಯ ಮಕ್ಕಳ ವಯಸ್ಸು.

ಈ ಸಂಗತಿಗಳನ್ನು ಓದಿದ ಮೇಲೆ ಒಂದು ದಿನ ಬಸ್ಸು ಹತ್ತಿ ಹೋಗಿ ಬಸವನಗುಡಿಯ ಆ ಕೊಳವನ್ನು ನೋಡಿ ಬಂದೆನು. ಐದಾರು ವರ್ಷದ ಮಕ್ಕಳು ಸಾಲಾಗಿ ನಿಂತು ಒಬ್ಬೊಬ್ಬರಾಗಿ ನೀರಿಗೆ ಹಾರುತ್ತಿದ್ದರು. ತಾಯಂದಿರು ಟವೆಲ್ ಹಿಡಿದು ಕುಳಿತಿದ್ದರು. ಯಾರ ಮುಖದಲ್ಲಿಯೂ ಭಯವಿರಲಿಲ್ಲ. ನನಗೆ ಆ ಎಮ್ಮೆ ಕಾಯುವ ಹುಡುಗನ ನೆನಪಾಗಿ, ಹೆಚ್ಚು ಹೊತ್ತು ಕೂರಲಾಗಲಿಲ್ಲ.

ಇಲ್ಲಿ ಸೈನಿಕನ ಮಾತಿಗೆ ಹಿಂದಿರುಗುತ್ತೇನೆ. ಶಿಬಿರದಲ್ಲಿ ಕಠಿಣವಾದುದು ಯಾವುದೆಂದು ಅವನನ್ನು ಕೇಳಿದ್ದೆನು. ತಣ್ಣೀರೂ ಅಲ್ಲ, ಭಾರವೂ ಅಲ್ಲ. ಕೊನೆಯ ಪಟ್ಟಿ ಓದಿದ ಬೆಳಗು ಎಂದನು. ಶಿಬಿರಕ್ಕೆ ಇಪ್ಪತ್ತಕ್ಕೂ ಮೇಲ್ಪಟ್ಟು ಕರೆಸಿರುತ್ತಾರೆ. ವಿಮಾನ ಹತ್ತುವವರು ಹದಿಮೂರು. ತರಬೇತುದಾರನು ಬಿಟ್ಟುಹೋದ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕರೆದು ಕಾರಣವನ್ನು ಹೇಳಿದನಂತೆ. "ನಿನ್ನ ಎಸೆತ ಚೆನ್ನಾಗಿದೆ, ಈಜು ಚೆನ್ನಾಗಿದೆ. ನಾಲ್ಕನೇ ಸರದಿಗೆ ನಿನ್ನ ಕಾಲು ನಿಲ್ಲುವುದಿಲ್ಲ. ನೀನು ಕಾಲಿನ ಕೆಲಸ ಶುರು ಮಾಡಿದ್ದು ತಡವಾಯಿತು" ಎಂದನಂತೆ. ಅವನು ಆಳದ ನೀರಿನಲ್ಲಿ ನಿಲ್ಲುವುದನ್ನು ಕ್ರಮವಾಗಿ ಕಲಿತದ್ದು ಇಪ್ಪತ್ತರ ಮೇಲೆ. ಶಾಲೆಯಲ್ಲಿದ್ದಾಗ ಬಾವಿಗಿಳಿಯುವುದನ್ನು ನಿಲ್ಲಿಸಿದ್ದು ನನ್ನ ಸುತ್ತೋಲೆ. ಅವನು ಹಾಗೆಂದು ಹೇಳಲಿಲ್ಲ. ಹೇಳುವ ಹುಡುಗನೂ ಅಲ್ಲ. ಲೆಕ್ಕ ಹಾಕಿಕೊಂಡವನು ನಾನು. ಮುಖ್ಯೋಪಾಧ್ಯಾಯನಾಗಿ ಎಷ್ಟೋ ಬಾರಿ ತಾಲ್ಲೂಕು ಮಟ್ಟದ ಖೋ ಖೋ ತಂಡಕ್ಕೆ ಹುಡುಗರನ್ನು ಆರಿಸಿದ್ದೇನೆ. ಬಿಟ್ಟವನನ್ನು ಕರೆದು ಕಾರಣ ಹೇಳಿದ ನೆನಪು ಒಂದೂ ಇಲ್ಲ. ಪಟ್ಟಿಯನ್ನು ಬೋರ್ಡಿಗೆ ಅಂಟಿಸಿ ಕೊಠಡಿಗೆ ಹೋಗಿಬಿಡುತ್ತಿದ್ದೆನು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಅರಿಕೆಯಿದೆ. ನಿಮ್ಮ ಬಾಲ್ಯದಲ್ಲಿ ಈ ಸೀಮೆಯ ತೋಟಗಳಲ್ಲಿ ಮೆಟ್ಟಿಲುಬಾವಿಗಳಿದ್ದವು. ಸೋರೆಬುರುಡೆಯೋ ಬಾಳೆದಿಂಡೋ ಕಟ್ಟಿಕೊಂಡು ಅಣ್ಣತಮ್ಮಂದಿರು ಈಜು ಕಲಿಯುತ್ತಿದ್ದರು. ಈಗ ಬೋರ್‌ವೆಲ್‌ಗಳು ಬಂದು ಬಾವಿಗಳು ಒಣಗಿ ಕಸದ ಗುಂಡಿಗಳಾಗಿವೆ. ದಕ್ಷಿಣ ಪಿನಾಕಿನಿಯ ನೀರು ಕೆಲವರಪಳ್ಳಿ ಅಣೆಕಟ್ಟಿಗೆ ಬರುವ ವೇಳೆಗೆ ನೊರೆಯೆದ್ದಿರುವುದನ್ನು ಕಂಡವರು ಅದರಲ್ಲಿ ಇಳಿಯಿರೆಂದು ಮಕ್ಕಳಿಗೆ ಹೇಳಲಾರರು. ಹೊಸ ಬಡಾವಣೆಗಳಲ್ಲಿ ಈಜುಕೊಳಗಳೇನೋ ಇವೆ. ನಾಲ್ಕಡಿ ನೀರು, ಮಕ್ಕಳು ಕಾಲೂರಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಮಳೆಗಾಲ ಬಂದೊಡನೆ ಕಲ್ಲುಕ್ವಾರಿಗಳೂ ಕೆರೆಯ ಗುಂಡಿಗಳೂ ತುಂಬುತ್ತವೆ, ಮಕ್ಕಳು ಹೇಳದೆ ಕೇಳದೆ ಹೋಗಿಯೇ ಹೋಗುತ್ತಾರೆ. ಸುವರ್ಣ ಮಹೋತ್ಸವದ ನೆನಪಿಗೆಂದು ಕಮಾನನ್ನು ಕಟ್ಟಿಸುವ ಪ್ರಸ್ತಾಪವಿದೆಯೆಂದು ಕೇಳಿದ್ದೇನೆ. ಅದಕ್ಕೆ ನನ್ನ ವಿರೋಧವಿಲ್ಲ. ಆ ಹಣದ ಒಂದಂಶದಲ್ಲಿ ವರ್ಷಕ್ಕೆ ಇಪ್ಪತ್ತು ಮಕ್ಕಳಿಗೆ ಆಳದ ನೀರಿನಲ್ಲಿ, ಬಲ್ಲವರ ಎದುರಿನಲ್ಲಿ, ಹಗ್ಗ ಮತ್ತು ಟ್ಯೂಬುಗಳ ಕಾವಲಿನಲ್ಲಿ ಈಜು ಕಲಿಸುವ ಏರ್ಪಾಟಾಗಬೇಕು. ಹೆಣ್ಣುಮಕ್ಕಳನ್ನು ಬಿಡಕೂಡದು. ನನ್ನ ಸುತ್ತೋಲೆ ರದ್ದಾಯಿತೆಂದು ಈ ಸಂಚಿಕೆಯ ಮೂಲಕವೇ ತಿಳಿಸುತ್ತಿದ್ದೇನೆ. ಮೂವತ್ತು ವರ್ಷ ತಡವಾಗಿದೆ.

ಸೈನಿಕನು ಈಗ ನಿವೃತ್ತನಾಗಿ ಊರಿಗೆ ಬಂದಿದ್ದಾನೆ. ತಾತನ ಬಾವಿಯಲ್ಲಿ ಕಳೆದ ಎರಡು ವರ್ಷದ ಒಳ್ಳೆಯ ಮಳೆಯಿಂದ ಎರಡಾಳು ನೀರು ನಿಂತಿದೆ. ಹೂಳು ತೆಗೆಸಿ, ಮೆಟ್ಟಿಲು ಸರಿಮಾಡಿಸಿ, ಭಾನುವಾರದ ಬೆಳಗ್ಗೆ ಹನ್ನೊಂದು ಮಕ್ಕಳಿಗೆ ಕಲಿಸುತ್ತಿದ್ದಾನೆ. ಅವರಲ್ಲಿ ನನ್ನ ಮೊಮ್ಮಗಳೂ ಒಬ್ಬಳು. ನಾನು ಮೇಲಿನ ಕಟ್ಟೆಯ ಮೇಲೆ ಗಡಿಯಾರ ಹಿಡಿದು ಕೂರುತ್ತೇನೆ. ಹೋದ ವಾರ ಅವಳು ಎರಡು ಕೈಗಳನ್ನೂ ತಲೆಯ ಮೇಲೆತ್ತಿ, ಬರೀ ಕಾಲು ಬೀಸುತ್ತ, ಒಂದು ನಿಮಿಷ ಐವತ್ತು ಸೆಕೆಂಡು ನಿಂತಳು. ಹತ್ತು ನಿಮಿಷವಾಗುವ ತನಕ ಚೆಂಡು ಕೊಡುವುದಿಲ್ಲ ಎಂದಿದ್ದಾನೆ ಅವನು.